ಗುಲಾಬಿ ಬಾರದ ನೀರು

“ನಾಳೆಯಿಂದ ಕೊಳದ ನೀರಿನ ಜವಾಬ್ದಾರಿ ಪೂರ್ತಿ ನಂದು!”

ದಂಡಪಾಣಿಯವರು ಇಡ್ಲಿ ತಟ್ಟೆಯ ಮುಂದೆ ಎದೆ ಸೆಟೆಸಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ನಾಚಿಯಮ್ಮನ ಕೈಯಲ್ಲಿದ್ದ ಚಟ್ನಿಯ ಸೌಟು ಗಾಳಿಯಲ್ಲೇ ನಿಂತುಬಿಟ್ಟಿತು.

“ಯಾಕುಂಗ? ಭೂಪತಿ ಇದಾನಲ್ಲ?”

“ಭೂಪತಿ ತಂಗಿ ಕಲ್ಯಾಣ ಅಂತ ಊರಿಗೆ ಹೊರಟ. ಅವನು ಬರೋ ತನಕ ನೀರೇನು ಅನಾಥವಾ? ಜನ್ಮ ಪೂರ್ತಿ ನೂಲಿಗೆ ಗಂಜಿ ಕಾಯಿಸಿದ ಕೈ ಇದು! ಒಂದು ತೊಟ್ಟಿ ನೀರು ನೋಡ್ಕೊಳ್ಳೋಕೆ ಆಗಲ್ವಾ?”

ಭೂಪತಿ ಎಂದರೆ ವಾರಕ್ಕೊಮ್ಮೆ ಬಂದು ಮನೆಯ ಈಜುಕೊಳ ನೋಡಿಹೋಗುವ ಕಂಪನಿಯ ಹುಡುಗ. ಅವನು ಹೊರಡುವಾಗ, “ಐಯಾ, ಎಲ್ಲ ಮಿಷಿನ್ ಪಾತ್ತುಕ್ಕುಂ, ನೀವು ಸುಮ್ನೆ ಬೆಳಗ್ಗೆ ಒಂದು ಸಲ ಟೆಸ್ಟ್ ಮಾಡಿ, ಸಾಕು” ಎಂದಿದ್ದ. ಎಲ್ಲವನ್ನೂ ಮಿಷಿನ್ನೇ ನೋಡಿಕೊಳ್ಳುತ್ತದೆ ಎಂಬ ಅವನ ಮಾತಿನಲ್ಲಿ ದಂಡಪಾಣಿಯವರ ಕಿವಿಗೆ ಬಿದ್ದದ್ದು “ಟೆಸ್ಟ್ ಮಾಡಿ” ಎಂಬ ಎರಡೇ ಪದ.

ಪಾಪ, ಅವರ ಕಿವಿಯದೂ ತಪ್ಪಲ್ಲ. ಕೈಗೆ ಕೆಲಸವಿಲ್ಲದೆ ಅವರು ಕಂಗಾಲಾಗಿದ್ದರು. ಸೋಮನೂರಿನ ಪವರ್‌ಲೂಮ್ ಶೆಡ್ಡನ್ನು ಮಗ ಸೆಂದಿಲ್‌ಗೆ ಒಪ್ಪಿಸಿ, ಅನ್ನೂರಿನ ಹತ್ತಿರದ ತೋಟದ ಮನೆಗೆ ಬಂದು ನೆಲೆಸಿದ್ದರು. ಬಂದರು ಅನ್ನುವುದಕ್ಕಿಂತ ಕಳಿಸಲ್ಪಟ್ಟರು ಅನ್ನುವುದೇ ಸರಿ. “ಅಪ್ಪಾ, ನೀವು ಶೆಡ್ಡಿಗೆ ಬಂದ್ರೆ ಅಷ್ಟೂ ಮಗ್ಗಕ್ಕಿಂತ ನಿಮ್ದೇ ಸದ್ದು ಜಾಸ್ತಿ” ಎಂದು ಸೆಂದಿಲ್ ಬಹಳ ಮರ್ಯಾದೆಯಿಂದಲೇ ಹೇಳಿದ್ದ. ತೋಟದ ಮನೆಗೆ ಬಂದ ಮೇಲೆ ದಂಡಪಾಣಿಯವರು ಸುಮ್ಮನೆ ಕೂತಿದ್ದರೆ? ಸೋರದ ನಲ್ಲಿಗಳನ್ನೆಲ್ಲ ಬಿಗಿ ಮಾಡಿದರು; ಈಗ ಮುಖ ತೊಳೆಯಬೇಕಾದರೆ ಸ್ಪ್ಯಾನರ್ ಬೇಕು. ಉಯ್ಯಾಲೆಯ ಕೊಂಡಿಗೆ ಎಣ್ಣೆ ಬಿಟ್ಟರು, ಬಿಡುತ್ತಲೇ ಹೋದರು, ಈಗ ಅದರಲ್ಲಿ ಕೂತವರ ಸೀರೆಗೆಲ್ಲ ಎಣ್ಣೆಯ ಬೊಟ್ಟು. ಮನೆಯಲ್ಲಿ ಮುಟ್ಟದೆ ಉಳಿದ ವಸ್ತುಗಳೆಂದರೆ ಎರಡೇ: ಹೊರಗಡೆಯ ಕೊಳ, ಒಳಗಡೆಯ ನಾಚಿಯಮ್ಮ. ನಾಚಿಯಮ್ಮನನ್ನು ಮುಟ್ಟಿ ಸರಿಮಾಡುವ ಧೈರ್ಯ ಅವರಿಗೆ ಯಾವತ್ತೂ ಇರಲಿಲ್ಲ. ಉಳಿದದ್ದು ಕೊಳ!

ಆ ಕೊಳ ಕಟ್ಟಿಸಿದ್ದೇ ನಾಚಿಯಮ್ಮನ ಮಂಡಿಗಾಗಿ. “ನೆಲದ ಮೇಲೆ ನಡೆದದ್ದು ಸಾಕಮ್ಮಾ, ಇನ್ನು ನೀರೊಳಗೆ ನಡೀರಿ” ಎಂದು ಕೊಯಮತ್ತೂರಿನ ಡಾಕ್ಟರು ಹೇಳಿದ್ದರು. ಉಪ್ಪುನೀರಿನ ಕೊಳವಾದರೆ ಕಣ್ಣಿಗೂ ಚರ್ಮಕ್ಕೂ ಹಿತ ಎಂದು ಕಂಪನಿಯವರು ಹೇಳಿದ್ದರು. ಉಪ್ಪುನೀರು ಅಂದರೆ ಕಡಲಿನ ನೀರಲ್ಲ. ಬಾಯಿಗೆ ಹಾಕಿದರೆ ಕಣ್ಣೀರಿಗಿಂತಲೂ ಸಪ್ಪೆ. ಆ ನೀರು ಒಂದು ಯಂತ್ರದ ಮೂಲಕ ಹಾದುಹೋಗುವಾಗ ಕರೆಂಟು ಅದರ ಉಪ್ಪಿನಿಂದಲೇ ಒಂದಿಷ್ಟು ಕ್ಲೋರಿನ್ ತೆಗೆದುಕೊಡುತ್ತದೆ. ಕ್ಲೋರಿನ್ನು ಕ್ರಿಮಿ ಕೊಲ್ಲುತ್ತದೆ. ಬಿಸಿಲು ಕ್ಲೋರಿನ್ನನ್ನು ಕೊಲ್ಲುತ್ತದೆ. ಯಂತ್ರ ಮತ್ತೆ ಹುಟ್ಟಿಸುತ್ತದೆ. ಇಷ್ಟೇ ವ್ಯವಹಾರ. ಮನುಷ್ಯರು ತಲೆ ಹಾಕುವುದಕ್ಕೆ ಇದರಲ್ಲಿ ಜಾಗವೇ ಇಲ್ಲ.

ಆದರೆ ದಂಡಪಾಣಿಯವರು ತಲೆಯನ್ನಷ್ಟೇ ಅಲ್ಲ, ಮೈಯನ್ನೇ ಹಾಕಿದರು!

ಮರುದಿನ ಬೆಳಗ್ಗೆ ಟೆಸ್ಟ್ ಪೆಟ್ಟಿಗೆ ಹೊರಬಂತು. ಒಳಗೆ ಎರಡು ಗಾಜಿನ ಕೊಳವೆ, ಎರಡು ಪುಟ್ಟ ಬುಡ್ಡಿ, ಒಂದು ಬಣ್ಣದ ಕಾರ್ಡು. ಕೊಳದ ನೀರು ತುಂಬಿ, ಬುಡ್ಡಿಯಿಂದ ಹನಿ ಬಿಟ್ಟು, ಅಲ್ಲಾಡಿಸಿದರೆ ಒಂದು ಕೊಳವೆ ಕಿತ್ತಳೆಗೆ ತಿರುಗುತ್ತದೆ: ಹುಳಿ ಸರಿಯಾಗಿದೆ ಎಂದು ಅರ್ಥ. ಇನ್ನೊಂದು ಗುಲಾಬಿಗೆ ತಿರುಗುತ್ತದೆ: ಕ್ಲೋರಿನ್ ಇದೆ ಎಂದು ಅರ್ಥ. ಅಂದು ಬಂದದ್ದು ತಿಳಿ ಗುಲಾಬಿ. ಕಾರ್ಡಿನ ಪ್ರಕಾರ ಅದೇ ಸರಿ.

“ಇದು ಗುಲಾಬಿಯಾ?” ಎಂದು ದಂಡಪಾಣಿಯವರು ಕೊಳವೆಯನ್ನು ಸೂರ್ಯನಿಗೆ ಹಿಡಿದರು. “ಮೂರು ಸಲ ಒಗೆದ ಗುಲಾಬಿ! ಕಾರ್ಡಿನಲ್ಲಿ ಇಷ್ಟು ಗಾಢವಾದದ್ದು ಇರುವಾಗ ನಮಗ್ಯಾಕೆ ಈ ಸೊರಗಿದ್ದು?”

ನಾಚಿಯಮ್ಮ ಹೆಗಲ ಮೇಲೆ ಟವೆಲು ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. “ನಾನು ಇಳೀಲಾ?”

“ಇರು, ಇರು! ನೀರಿಗೆ ಇನ್ನೂ ತೆಂಬು ಬಂದಿಲ್ಲ!”

ತೆಂಬು, ಅಂದರೆ ಕಸುವು, ಬರಿಸುವುದಕ್ಕೆ ಯಂತ್ರದಲ್ಲೇ ಒಂದು ಗುಂಡಿ ಇತ್ತು. ‘ಬೂಸ್ಟ್’ ಎಂದು ಅದರ ಹೆಸರು; ಒಮ್ಮೆ ಒತ್ತಿದರೆ ಯಂತ್ರ ಹಗಲೂ ರಾತ್ರಿ ಕ್ಲೋರಿನ್ ಹುಟ್ಟಿಸುತ್ತಲೇ ಇರುತ್ತದೆ. ಒತ್ತಿದರು. ಮಧ್ಯಾಹ್ನ ಹೋಗಿ ಇನ್ನೊಮ್ಮೆ ಒತ್ತಿದರು. ಸಂಜೆಯ ಟೆಸ್ಟಿನಲ್ಲಿ ಬಂತು ನೋಡಿ, ಮದುವೆಯ ರೇಷ್ಮೆಸೀರೆಯಂಥ ಗಾಢ ಗುಲಾಬಿ! ದಂಡಪಾಣಿಯವರು ಕೊಳವೆಯನ್ನು ಹಿಡಿದುಕೊಂಡು ಬೇಲಿಯ ಆಚೆ ಮೇಕೆ ಮೇಯಿಸುತ್ತಿದ್ದ ಪಳನಿಯಮ್ಮನಿಗೂ ತೋರಿಸಿ ಬಂದರು. “ಚೆನ್ನಾಗಿದೆ ಸಾಮೀ, ಯಾವ ಕಾಯಿಲೆಗೆ?” ಎಂದು ಅವಳು ಕೇಳಿದಳು.

“ಈಗ ಇಳೀಲಾ?” ಎಂದಳು ನಾಚಿಯಮ್ಮ.

“ಇವತ್ತು ರಾತ್ರಿ ನೀರು ಊರಲಿ. ನಾಳೆ ಇಳಿಯುವಂತೆ.”

ಆ ‘ನಾಳೆ’ ಎಡವಟ್ಟಾಯಿತು. ಹನಿ ಬಿಟ್ಟು ಅಲ್ಲಾಡಿಸಿದರೆ ನೀರು ನೀರಾಗಿಯೇ ಇದೆ! ಬಣ್ಣವೇ ಇಲ್ಲ! ಹನಿ ಬಿದ್ದ ಕ್ಷಣ ಗುಲಾಬಿ ಛಕ್ಕೆಂದು ಮಿಂಚಿ ಮಾಯವಾದದ್ದು ನಿಜ. ಆದರೆ ಆ ಕ್ಷಣದಲ್ಲಿ ದಂಡಪಾಣಿಯವರು ಕಾಗೆ ಓಡಿಸುತ್ತಿದ್ದರು. ಮತ್ತೆ ಹನಿ ಬಿಟ್ಟರು. ಮತ್ತೆ ಇಲ್ಲ. ಕಾರ್ಡಿನಲ್ಲಿ ನೋಡಿದರೆ ಬಣ್ಣವಿಲ್ಲದಿದ್ದರೆ ಸೊನ್ನೆ.

“ಅಡ ಕಡವುಳೇ! ಅಷ್ಟೂ ಕ್ಲೋರಿನ್ನು ಒಂದೇ ರಾತ್ರೀಲಿ ಎಲ್ಲಿಗೆ ಹೋಯ್ತು?”

“ಯಾರು ಕದ್ದುಕೊಂಡು ಹೋಗ್ತಾರುಂಗ ಅದನ್ನ?” ಎಂದಳು ನಾಚಿಯಮ್ಮ.

ಬೂಸ್ಟ್ ಒತ್ತಿದರು. ಸೊನ್ನೆ. ಮತ್ತೆ ಒತ್ತಿದರು. ಸೊನ್ನೆ. ಪಂಪಿನ ಕೋಣೆಯ ಮೂಲೆಯಲ್ಲಿ ಭೂಪತಿ ಆಪತ್ತಿಗೆಂದು ಇಟ್ಟಿದ್ದ ಕ್ಲೋರಿನ್ ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಎಷ್ಟಾದರೂ ಕಂಪನಿಯ ಸಾಮಾನು, ಕೇಳಿಯೇ ಹಾಕೋಣ ಎಂದು ಭೂಪತಿಗೆ ಫೋನ್ ಮಾಡಿದರು. ಅತ್ತ ಕಲ್ಯಾಣ ಮಂಟಪದಲ್ಲಿ ಸರಿಯಾಗಿ ತಾಳಿ ಕಟ್ಟುವ ಹೊತ್ತು. ನಾದಸ್ವರ, ತವಿಲಿನ ಡೋಲು ಆಕಾಶ ಹರಿಯುವಂತೆ ಮೊಳಗುತ್ತಿದ್ದವು.

“ಭೂಪತೀ! ಕ್ಲೋರಿನ್ ಸೊನ್ನೆ! ಪೌಡರ್ ಪೋಡಟ್ಟುಮಾ?”

“ಐಯಾ, ಪೋಡಾ…” ಡುಂಡುಂಡುಂಡುಂ! “…ಂಗ!”

ತಮಿಳಿನಲ್ಲಿ ‘ಪೋಡುಂಗ’ ಎಂದರೆ ಹಾಕಿ. ‘ಪೋಡಾದೀಂಗ’ ಎಂದರೆ ಹಾಕಬೇಡಿ. ಇವೆರಡರ ನಡುವೆ ಇರುವುದು ಒಂದು ಪುಟ್ಟ ‘ದೀ’. ಆ ‘ದೀ’ಯನ್ನು ತವಿಲು ನುಂಗಿತು!

ದಂಡಪಾಣಿಯವರು ಹಾಕಿದರು. ಶ್ರಾದ್ಧದ ಪಿಂಡ ಬಿಡುವಷ್ಟು ಶ್ರದ್ಧೆಯಿಂದ, ಕೊಳದ ನಾಲ್ಕು ಮೂಲೆಗೂ ಹಾಕಿದರು. ಬೆಳಗ್ಗೆ ಎದ್ದು ಟೆಸ್ಟ್, ಕಾಫಿ ಕುಡಿದು ಟೆಸ್ಟ್, ಎಲೆಯೊಂದು ಬಿದ್ದರೆ ಟೆಸ್ಟ್. ಊಟದ ನಡುವೆ ಎಂಜಲು ಕೈಯಲ್ಲೇ ಎದ್ದು ಹೋಗಿ ಕೊಳ ಇಣುಕಿ ಬರುತ್ತಿದ್ದರು. ಪ್ರತಿ ಸಲವೂ ಬಣ್ಣವಿಲ್ಲ. ಪ್ರತಿ ಸಲವೂ ಇನ್ನೊಂದು ಹಿಡಿ ಪುಡಿ. ಅವರ ಪಾದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೊಳದ ಸುತ್ತ ಅವರು ಹಾಕಿದ ಪ್ರದಕ್ಷಿಣೆಯನ್ನು ಪೇರೂರು ದೇವಸ್ಥಾನದಲ್ಲಿ ಹಾಕಿದ್ದರೆ ಮೋಕ್ಷವೇ ಸಿಗುತ್ತಿತ್ತು.

“ಏನುಂಗ, ಏನೋ ವಾಸ್ನೆ ಬರ್ತಾ ಐತೆ,” ಎಂದಳು ನಾಚಿಯಮ್ಮ ಒಂದು ಸಂಜೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ಅದು ಶುದ್ಧದ ವಾಸ್ನೆ!”

“ಎರಡು ದಿನದಿಂದ ಒಂದು ಕಪ್ಪೆನೂ ಕೂಗಿಲ್ಲ.”

“ನಮ್ಮ ಮನೆಯಲ್ಲಿ ಒಬ್ಬರಾದರೂ ಸುಮ್ಮನಿರೋದು ಕಲಿತ್ರಲ್ಲ!”

ಈ ಮಾತಿಗೆ ನಾಚಿಯಮ್ಮ ಅವರನ್ನು ನೋಡಿದ ನೋಟವನ್ನು ಟೆಸ್ಟ್ ಮಾಡಿದ್ದರೆ ಹುಳಿ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ಟವೆಲನ್ನು ಮಡಚಿ ಒಳಗಿಟ್ಟು, ಗೋಡೆ ಹಿಡಿದುಕೊಂಡು, ಮಂಡಿ ನೀವಿಕೊಳ್ಳುತ್ತ ಅಡಿಗೆಮನೆಗೆ ಹೋದಳು.

ಹೀಗಿರುವಾಗ ತಿರುಪ್ಪೂರಿನಿಂದ ಬೀಗರ ಫೋನು. ಮಗಳು ಕೃತ್ತಿಕಾಳ ಮಾವ ದೇವರಾಜನ್. ಬನಿಯನ್ ಕಂಪನಿಯ ಯಜಮಾನರು. ಅವರ ಮಾತು ಯಾವತ್ತೂ ಎಕ್ಸ್‌ಪೋರ್ಟ್ ಕ್ವಾಲಿಟಿ.

“ಸಮ್ಮಂದೀ, ಹೊಸ ಆರ್ಡರ್! ಈಜೋ ಬಟ್ಟೆ. ಕಡುನೀಲಿ. ಕಡಲಲ್ಲಿ ವರ್ಷ ನೆನೆಸಿಟ್ರೂ ಬಣ್ಣ ಹೋಗಲ್ಲ, ನಮ್ಮ ಸಾಯ ಅಂಥಾದ್ದು! ಉಪ್ಪುನೀರಿನ ಕೊಳದಲ್ಲಿ ಹಾಕ್ಕೊಂಡು ಫೋಟೋ ತೆಗೆದು ಕಳಿಸಿ ಅಂತಾರೆ ಆರ್ಡರ್ ಕೊಟ್ಟ ಬಯರ್‌ಗಳು. ನಿಮ್ಮ ಮನೇಲಿ ಐತಲ್ಲ? ಭಾನುವಾರ ಬರ್ತೀವಿ!”

ನೀರಿನ ಟೆಸ್ಟು ಸೊನ್ನೆ ತೋರಿಸುತ್ತಿದೆ, ಬರಬೇಡಿ ಎನ್ನಬೇಕಾಗಿತ್ತು ದಂಡಪಾಣಿಯವರು. ಎನ್ನಬಹುದಿತ್ತು. ಆದರೆ ಬೀಗರ ಮುಂದೆ ಸೊನ್ನೆಯೇ?

“ಬನ್ನಿ ಬನ್ನಿ! ನಮ್ಮ ನೀರಲ್ಲಿ ಕಣ್ಣು ಬಿಟ್ಟೇ ಮುಳುಗಬಹುದು. ನಾನೇ ನೋಡ್ಕೋತಾ ಇದೀನಿ!” ಎಂದರು. ಫೋನಿಟ್ಟು ಡಬ್ಬಿಯಲ್ಲಿ ಉಳಿದಿದ್ದಷ್ಟನ್ನೂ ಕೊಳಕ್ಕೆ ಕೊಡವಿದರು.

ಭಾನುವಾರ ದೇವರಾಜನ್ ಬಂದರು. ಜೊತೆಗೆ ಅವರ ಹೆಂಡತಿ ಸುಬ್ಬಾತಾಳ್, ಫೋಟೋ ತೆಗೆಯುವುದಕ್ಕೆ. ನೀರನ್ನು ನೋಡಿದ ಬೀಗರು ತಲೆದೂಗಿದರು. ನಿಜಕ್ಕೂ ಅಷ್ಟು ತಿಳಿಯಾಗಿತ್ತು. ತಳದ ಹೆಂಚಿನ ಗೆರೆ ಎಣಿಸಬಹುದಾಗಿತ್ತು. ಕಡುನೀಲಿ ಬನಿಯನ್ನು, ಕಡುನೀಲಿ ಚಡ್ಡಿ ತೊಟ್ಟ ದೇವರಾಜನ್ ಅವರ ದುಂಡು ದೇಹ ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ನಿಂತಿತು.

“ವಾಸ್ನೆ ಜೋರಾಗೈತಲ್ಲ ಸಮ್ಮಂದೀ?”

“ಹೊಸ ಪಂಪು!” ಎಂದರು ದಂಡಪಾಣಿಯವರು, ಅರ್ಥವಿಲ್ಲದೆ.

ಫೋಟೋ ಆರಂಭವಾಯಿತು. ಮುಂದಿನಿಂದ, ಪಕ್ಕದಿಂದ, ಕೈ ಮೇಲೆತ್ತಿ, ಕೈ ಕೆಳಗಿಳಿಸಿ. ಸುಬ್ಬಾತಾಳ್‌ಗೆ ಯಾವುದೂ ಸಾಲದು. “ಹೊಟ್ಟೆ ಒಳಗೆ ಎಳ್ಕೊಳ್ಳಿ!” ಎಂದು ಅವರು ಕೂಗುವುದು, ಇವರು ಎಳೆದುಕೊಳ್ಳುವುದು, ಫೋನಿನ ಗುಂಡಿ ಒತ್ತುವಷ್ಟರಲ್ಲಿ ಹೊಟ್ಟೆ ತಾನಾಗಿ ಹೊರಗೆ ಬರುವುದು. ಹೀಗೇ ಬಹಳ ಹೊತ್ತು ನಡೆಯಿತು; ಹೊಟ್ಟೆಯ ಗಲಾಟೆಯಲ್ಲಿ ಬಟ್ಟೆಯ ಕಡೆ ಯಾರೂ ನೋಡಲಿಲ್ಲ. ಕಡೆಗೆ ಕಣ್ಣು ಉಜ್ಜಿಕೊಳ್ಳುತ್ತ, “ಏನೋ ಉರೀತಾ ಐತೆ” ಎಂದು ದೇವರಾಜನ್ ಮೇಲೆ ಬಂದರು.

ಮೇಲೆ ಬಂದವರು ಎರಡು ಬಣ್ಣದಲ್ಲಿದ್ದರು! ಎದೆಯಿಂದ ಮೇಲೆ ಕಡುನೀಲಿ. ಕೆಳಗೆ ಹಳೇ ಕಾಗದದ ಬಣ್ಣ, ಅಲ್ಲಲ್ಲಿ ತುಕ್ಕಿನ ಮಚ್ಚೆ. ನಡುವೆ ನೀರು ನಿಂತ ಗೆರೆ, ಸ್ಕೇಲಿಟ್ಟು ಎಳೆದ ಹಾಗೆ.

ಸುಬ್ಬಾತಾಳ್ ಕೈಯ ಫೋನು ಕೆಳಗಿಳಿಯಿತು. ದೇವರಾಜನ್ ತಮ್ಮನ್ನು ತಾವು ಕೆಳಗಿನಿಂದ ಮೇಲಕ್ಕೆ ನೋಡಿಕೊಂಡರು. ಆಮೇಲೆ ಎದ್ದಿತು ಕೂಗು:

“ಸಾಯ ಹೋಯ್ತು! ಅಯ್ಯೋ, ಸಾಯ ಹೋಯ್ತು!”

ಬಣ್ಣಕ್ಕೆ ಇಲ್ಲಿಯ ಮಾತಿನಲ್ಲಿ ಸಾಯ ಎನ್ನುತ್ತಾರೆ, ಸರಿ. ಆದರೆ ಒಲೆಯ ಮುಂದೆ, ಒಗ್ಗರಣೆಯ ಚಟಪಟದ ನಡುವೆ ಇದ್ದ ನಾಚಿಯಮ್ಮನಿಗೆ ಕೇಳಿಸಿದ್ದು ಕೊಳದ ಕಡೆಯಿಂದ ‘ಸಾಯ…’ ಎಂಬ ಕೂಗು ಮಾತ್ರ! “ಯಾರು ಸಾಯ್ತಾ ಇರೋದು? ಯಾರು ಮುಳುಗಿದ್ದು?” ಎಂದು ಕಿರುಚುತ್ತ, ಮಂಡಿಯನ್ನು ಮರೆತು, ಸೌಟು ಹಿಡಿದೇ ಓಡಿಬಂದಳು. ಯಾರೂ ಸತ್ತಿರಲಿಲ್ಲ. ಬೀಗರು ಅರ್ಧ ಬೆಳ್ಳಗಾಗಿ ನಿಂತಿದ್ದರು.

“ಮದ್ವೆ ದಿನ ಅರಿಶಿನ ಹಚ್ಚಿದಾಗ್ಲೂ ಇವರು ಇಷ್ಟು ಬೆಳ್ಳಗಾಗಿರ್ಲಿಲ್ಲ,” ಎಂದರು ಸುಬ್ಬಾತಾಳ್.

ಇಲ್ಲೊಂದು ಮಾತು ಹೇಳಿಬಿಡಬೇಕು. ಆ ಗಳಿಗೆಯಲ್ಲಿ ದಂಡಪಾಣಿಯವರ ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣದೊಂದು ಸಂತೋಷ ಬಾಲ ಅಲ್ಲಾಡಿಸಿತು. ಕಡಲಲ್ಲಿ ವರ್ಷ ನೆನೆಸಿದರೂ ಹೋಗದ ಸಾಯ! ಎಕ್ಸ್‌ಪೋರ್ಟ್ ಕ್ವಾಲಿಟಿ! “ತ್ಚು ತ್ಚು, ಸಾಯ ಸರಿಯಿಲ್ಲ ಅನ್ಸುತ್ತೆ ಸಮ್ಮಂದೀ,” ಎಂದು ಬಹಳ ಮರುಕದಿಂದ ಹೇಳಿದರು.

ಆದರೆ ದೇವರಾಜನ್ ಅಷ್ಟಕ್ಕೆ ಬಿಡಲಿಲ್ಲ. ಫೋನ್ ಕಿತ್ತುಕೊಂಡು ತಿರುಪ್ಪೂರಿಗೆ ಹಚ್ಚಿದರು. ಅತ್ತ ಕಡೆ ಮಾರಪ್ಪನ್, ಅವರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮೇಸ್ತ್ರಿ. ದೇವರಾಜನ್ ಅಪ್ಪನ ಕಾಲದಿಂದ ಇದ್ದವನು. “ಮಾರಪ್ಪಾ! ನನ್ನ ಮಾನ ಕಳೆದೆಯಲ್ಲೋ! ಇಡೀ ಲಾಟು ನಿಲ್ಲಿಸು! ಒಂದು ಪೀಸೂ ಹೊರಗೆ ಹೋಗಬಾರದು! ನೀನೂ ನಾಳೆಯಿಂದ ಬರಬೇಡ!”

ದಂಡಪಾಣಿಯವರ ಸಂತೋಷ ಬಾಲ ಮುದುರಿಕೊಂಡಿತು. ಮಾರಪ್ಪನನ್ನು ಅವರು ಬಲ್ಲರು. ಕೃತ್ತಿಕಾಳ ಮದುವೆಯಲ್ಲಿ ಬಾಳೆಎಲೆ ಹಾಸಿದವನು, ಹೆಣ್ಣಿನ ಕಡೆಯವರೆಲ್ಲ ಉಂಡರೇ ಎಂದು ಕೇಳಿಕೊಂಡು ಆಮೇಲೆ ಉಂಡವನು.

“ಏನುಂಗ, ಒಂದು ನಿಮಿಷ ಒಳಗೆ ಬನ್ನಿ,” ಎಂದಳು ನಾಚಿಯಮ್ಮ. ಆ ಧ್ವನಿಗೆ ಎದುರು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ ಬೋರ್ ನೀರು, ಒಂದು ಬಟ್ಟಲಿನಲ್ಲಿ ಕೊಳದ ನೀರು, ಪಕ್ಕದಲ್ಲಿ ಟೆಸ್ಟ್ ಪೆಟ್ಟಿಗೆ.

“ನಮ್ಮಪ್ಪನ ಮನೇಲಿ ನೂಲು ಬಿಳಿ ಮಾಡ್ತಿದ್ರು. ತೊಟ್ಟಿ ಪಕ್ಕ ಇದೇ ವಾಸ್ನೆ. ನಾನು ಹೇಳಿದ್ರೆ ಶುದ್ಧದ ವಾಸ್ನೆ ಅಂದ್ರಿ.”

“ಆದ್ರೆ ಟೆಸ್ಟ್ ಸೊನ್ನೆ ಅಲ್ವಾ? ಬಣ್ಣವೇ ಬರ್ತಿಲ್ವಲ್ಲ?”

“ಬಟ್ಟೆ ಬಣ್ಣನೇ ತಿನ್ನೋ ನೀರು, ನಿಮ್ಮ ಎರಡು ಹನಿ ಬಣ್ಣನ ಬಿಡುತ್ತಾ?”

ದಂಡಪಾಣಿಯವರು ಬಣ್ಣದ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸಾರು ಖಾರ ಆದ್ರೆ ನಾಲಿಗೆಗೆ ರುಚಿ ಗೊತ್ತಾಗುತ್ತಾ? ನೀರು ಬೆರೆಸಿ ತಾನೆ ನೋಡ್ಬೇಕು?” ಎನ್ನುತ್ತ ನಾಚಿಯಮ್ಮ ಕೊಳದ ನೀರನ್ನು ಒಂದೇ ಒಂದು ಚಮಚ ತೆಗೆದು ಲೋಟದ ನೀರಿಗೆ ಹಾಕಿ ಕಲಕಿದಳು. ಅದರಿಂದ ಕೊಳವೆ ತುಂಬಿ ಹನಿ ಬಿಟ್ಟಳು.

ಬಂತು ಗುಲಾಬಿ! ಅಂಥಿಂಥ ಗುಲಾಬಿಯಲ್ಲ; ಬೀಟ್‌ರೂಟ್ ಪಲ್ಯದ ರಸದಂಥದ್ದು! ಒಂದು ಚಮಚದಲ್ಲೇ ಇಷ್ಟು! ಇಷ್ಟು ದಿನ ಕ್ಲೋರಿನ್ ಇಲ್ಲವೆಂದು ಅವರು ಕ್ಲೋರಿನ್ನಿನ ಮೇಲೆ ಕ್ಲೋರಿನ್ ಸುರಿದಿದ್ದರು. ಬಣ್ಣ ಬಾರದಿದ್ದದ್ದು ಕ್ಲೋರಿನ್ ಇಲ್ಲದ್ದಕ್ಕಲ್ಲ, ಅಳತೆ ಮೀರಿದ್ದಕ್ಕೆ!

ಹೊರಗಡೆ ದೇವರಾಜನ್ ಇನ್ನೂ ಗುಡುಗುತ್ತಿದ್ದರು. “ಲೆಕ್ಕ ಮುಗಿಸ್ಕೊಂಡು ಹೋಗ್ತಾ ಇರು ಮಾರಪ್ಪಾ!”

“ನೀವು ಹೇಳ್ತೀರಾ, ನಾನು ಹೇಳ್ಲಾ?” ಎಂದಳು ನಾಚಿಯಮ್ಮ.

ಅಡಿಗೆಮನೆಯಿಂದ ಕೊಳದವರೆಗೆ ಹತ್ತು ಹೆಜ್ಜೆ. ದಿನಕ್ಕೆ ನೂರು ಸಲ ಓಡಾಡಿದ ಆ ದಾರಿಯಲ್ಲಿ ದಂಡಪಾಣಿಯವರ ಕಾಲು ಮೊದಲ ಸಲ ನಿಧಾನವಾಯಿತು. ಕೆಮ್ಮಿದರು. “ಸಮ್ಮಂದೀ, ಈ ನೀರು ಅನ್ನೋದು ಇದೆಯಲ್ಲ, ಅದರ ಸ್ವಭಾವ ಏನಂದ್ರೆ…” ಎಂದು ಶುರುಮಾಡಿದರು. ಹಿಂದೆ ಸೌಟು ಕಟ್ಟೆಗೆ ಟಣ್ಣೆಂದು ಬಡಿದ ಸದ್ದು. ದಂಡಪಾಣಿಯವರು ನೀರಿನ ಸ್ವಭಾವವನ್ನು ಅಲ್ಲಿಗೇ ಬಿಟ್ಟರು.

“ಸಮ್ಮಂದೀ, ಮಾರಪ್ಪನ ಸಾಯ ಹೋಗ್ಲಿಲ್ಲ. ನಾನು ತೆಗೆದೆ.”

“ಏನು?”

“ಇದು ಕೊಳ ಅಲ್ಲ. ಬ್ಲೀಚಿಂಗ್ ತೊಟ್ಟಿ. ನಾನೇ ಮಾಡಿದ್ದು. ಬೇಕಾದ್ರೆ ನೋಡಿ.” ಹೆಗಲ ಮೇಲಿನ ಹಸಿರು ಟವೆಲಿನ ತುದಿಯನ್ನು ಕೊಳಕ್ಕಿಳಿಸಿ ಹಿಡಿದು ಕೂತರು. ನಾಲ್ವರೂ ನೋಡುತ್ತಿದ್ದರು. ಹೊತ್ತು ಹೋಯಿತು. ಟವೆಲಿನ ತುದಿ ಮೆಲ್ಲನೆ ವೀಳ್ಯದೆಲೆ ಬಣ್ಣಕ್ಕೆ, ಆಮೇಲೆ ಹಣ್ಣೆಲೆ ಬಣ್ಣಕ್ಕೆ, ಆಮೇಲೆ ಬಣ್ಣವೇ ಇಲ್ಲದ ಬಣ್ಣಕ್ಕೆ ತಿರುಗಿತು.

ದೇವರಾಜನ್ ಕೆಂಪು ಕಣ್ಣುಗಳಿಂದ ಅವರನ್ನೇ ನೋಡಿದರು. “ಕಣ್ಣು ಬಿಟ್ಟೇ ಮುಳುಗಬಹುದು ಅಂದ್ರಿ.”

“ಅಂದೆ.”

“ಹೊಸ ಪಂಪು ಅಂದ್ರಿ.”

“ಅಂದೆ.”

“ನನ್ನ ಸಾಯ ಸರಿಯಿಲ್ಲ ಅಂತ ಬೇರೆ ಅಂದ್ರಿ!”

“ಅದು ಮಾತ್ರ ಸ್ವಲ್ಪ ಖುಷಿಯಿಂದ ಅಂದೆ,” ಎಂದರು ದಂಡಪಾಣಿಯವರು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಸುಬ್ಬಾತಾಳ್ ಮೊದಲು ನಕ್ಕರು. ಆಮೇಲೆ ನಾಚಿಯಮ್ಮ. ದೇವರಾಜನ್ ನಗಲಿಲ್ಲ, ಅವರಿಗೆ ನಗುವಿಗಿಂತ ಕಷ್ಟದ ಕೆಲಸವೊಂದಿತ್ತು. ತಣ್ಣೀರಿನಲ್ಲಿ ಕಣ್ಣು ತೊಳೆದುಕೊಂಡು ಬಂದು ಮಾರಪ್ಪನಿಗೆ ಫೋನ್ ಮಾಡಿದರು. “ಮಾರಪ್ಪಾ, ತಪ್ಪಾಯ್ತಪ್ಪಾ. ನಿನ್ನ ಕೆಲಸದಲ್ಲಿ ಕುಂದಿಲ್ಲ. ನಾಳೆ ಬಾ” ಎಂದರು. ಅತ್ತ ಮಾರಪ್ಪನ್ ಅನುಮಾನದಿಂದ ಕೇಳಿದ್ದು ಇಷ್ಟೇ: “ಯಾರು ಮಾತಾಡ್ತಾ ಇರೋದು? ನಮ್ಮ ಯಜಮಾನ್ರ ಫೋನು ನಿಮ್ಮ ಕೈಗೆ ಹೇಗೆ ಬಂತು?”

ಬೀಗರು ಸ್ನಾನ ಮಾಡಿ, ಊಟ ಮಾಡಿ, ದಂಡಪಾಣಿಯವರ ವೇಷ್ಟಿ ಸುತ್ತಿಕೊಂಡು ತಿರುಪ್ಪೂರಿಗೆ ಹೊರಟರು. ಕಾರು ಗೇಟು ದಾಟುವುದಕ್ಕಿಲ್ಲ, ದಂಡಪಾಣಿಯವರು ಅಂಗಿಯ ತೋಳು ಮಡಚಿ ಎದ್ದರು. “ನೀರನ್ನ ಸರಿ ಮಾಡ್ತೀನಿ! ಈಗಲೇ! ಏನು ಹಾಕಬೇಕು?”

“ಏನೂ ಹಾಕೋದು ಬ್ಯಾಡ.”

“ಹಾಗಾದ್ರೆ ಎಲ್ಲಾ ನೀರು ಹೊರಗೆ ಬಿಡ್ತೀನಿ!”

“ಅನ್ನೂರಲ್ಲಿ ಇಷ್ಟು ನೀರು ಚೆಲ್ಲಿದ್ರೆ ಪಳನಿಯಮ್ಮ ಮೇಕೆ ಕೈಲೇ ನಿಮ್ಮನ್ನ ಗುದ್ದಿಸ್ತಾಳೆ. ಅದೂ ಈ ನೀರು ಬಿದ್ದ ಕಡೆ ಹುಲ್ಲಾದ್ರೂ ಬದುಕುತ್ತಾ? ಮಿಷಿನ್ ಆಫ್ ಮಾಡಿದೀನಿ. ಬಿಸ್ಲು ತಾನಾಗೇ ಕ್ಲೋರಿನ್ನ ತಿನ್ನುತ್ತೆ. ನೀವು ಏನೂ ಮಾಡ್ಬ್ಯಾಡಿ.”

“ಏನೂ ಮಾಡಬಾರದು ಅಂದ್ರೆ ನಾನು ಏನು ಮಾಡಲಿ?”

“ಕೂತ್ಕೊಳ್ಳಿ.”

ಪಂಪಿನ ಕೋಣೆಗೆ ಬೀಗ ಬಿತ್ತು. ಕೀಲಿಕೈ ನಾಚಿಯಮ್ಮನ ಸೊಂಟಕ್ಕೆ ಸೇರಿತು. ಬೇವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಿತ್ತು. ಅದರ ಮೇಲೆ ದಂಡಪಾಣಿಯವರು ಬಿದ್ದರು.

ಜೀವಮಾನದಲ್ಲಿ ಅಂಥ ಕಷ್ಟದ ಕೆಲಸವನ್ನು ಅವರು ಮಾಡಿರಲಿಲ್ಲ! ಕೂತಲ್ಲೇ ಅವರ ಬಲಗಾಲು ಮಗ್ಗದ ಲಯ ಹಾಕುತ್ತಿತ್ತು. ಬೆರಳು ಕುರ್ಚಿಯ ಕೈಯಲ್ಲಿ ಇಲ್ಲದ ಎಳೆಗಳನ್ನು ಹೊಸೆಯುತ್ತಿತ್ತು. ಕೊಳದಲ್ಲಿ ಬೇವಿನೆಲೆ ತೇಲಿದರೆ ಎದ್ದು ನಿಲ್ಲುವರು, ಅಡಿಗೆಮನೆಯ ಕಿಟಕಿಯಿಂದ “ಹ್ಞೂಂ?” ಎಂಬ ಒಂದು ಸದ್ದು ಬಂದರೆ ಕೂರುವರು. ಸೂರ್ಯ ಅವರ ಹಾಗಲ್ಲ. ಬೂಸ್ಟ್ ಇಲ್ಲ, ಗಡಿಬಿಡಿ ಇಲ್ಲ, ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುತ್ತಿದ್ದ. ಸಂಜೆಯ ಹೊತ್ತು ನಾಚಿಯಮ್ಮ ತನ್ನ ಚಮಚ, ಲೋಟ ತಂದು ನೋಡುವಳು. ಬೀಟ್‌ರೂಟಿನದು ದಾಳಿಂಬೆಯಾಯಿತು. ಕೆಲವು ದಿನಗಳಲ್ಲಿ ಚಮಚವೇ ಬೇಡವಾಯಿತು. ಕಡೆಗೊಂದು ಬೆಳಗ್ಗೆ ಕೊಳದ ನೀರಿನಲ್ಲೇ ಕೊಳವೆ ತುಂಬಿ ಹನಿ ಬಿಟ್ಟಾಗ, ಕಾರ್ಡಿನಲ್ಲಿ ಹೇಳಿದಂಥದೇ ತಿಳಿ ಗುಲಾಬಿ ಬಂದು, ನಿಂತಿತು.

ನಾಚಿಯಮ್ಮ ಯಾರನ್ನೂ ಕೇಳಲಿಲ್ಲ. ಮೆಟ್ಟಿಲಿಳಿದಳು. ನೀರು ಸೊಂಟಕ್ಕೆ ಬಂದಾಗ ಒಮ್ಮೆ ಅಂಚನ್ನು ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಗೋಡೆ ಹಿಡಿಯದೆ, ಮಂಡಿ ನೀವದೆ, ಆ ಕಡೆಯ ತುದಿಯವರೆಗೆ ಸೋಮನೂರು ಬೀದಿಯಲ್ಲಿ ಹೊಸ ಸೊಸೆಯಾಗಿ ನಡೆದವಳ ಹಾಗೆ ನಡೆದು, ತಿರುಗಿ ನಿಂತಳು. ಮುಖ ಅರಳಿತ್ತು.

ದಂಡಪಾಣಿಯವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. “ಹೆಂಗೈತೆ ನೀರು?”

“ರೊಂಬ ಚೆನ್ನಾಗೈತುಂಗ! ಮದ್ವೆಯಾದಾಗ್ಲಿಂದ ನೀವು ಎಷ್ಟೋ ಕೆಲ್ಸ ಮಾಡಿದೀರ. ಆದ್ರೆ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದು ಇದೊಂದೇ!”

ಅವರ ಎದೆ ಉಬ್ಬಿತು. ಉಬ್ಬಿದ್ದು ನಡುದಾರಿಯಲ್ಲೇ ನಿಂತಿತು. ಹುಬ್ಬು ಗಂಟಿಕ್ಕಿ ಯೋಚಿಸಿದರು.

“ಆದ್ರೆ… ನಾನು ಏನೂ ಮಾಡ್ಲೇ ಇಲ್ವಲ್ಲ?”

“ಅದನ್ನೇ ಹೇಳ್ತಾ ಇರೋದು!” ಎಂದು ನಾಚಿಯಮ್ಮ ಇನ್ನೊಂದು ಸುತ್ತು ಹೊರಟಳು.